ಈ ವರ್ಷ ಗೋದಲಿ ಕಟ್ಟೋಣವೇ, ಬೇಡವೇ?

ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಮಂಗಳೂರಿನ ಕಥೋಲಿಕ ಮನೆಗಳಲ್ಲಿ ಎಣ್ಣೆಯ ಬಾಣಲೆ ಒಲೆಯೇರುತ್ತದೆ. ‘ಕುಸ್ವಾರ್’ ಎಂಬ ಒಂದೇ ಹೆಸರಿನೊಳಗೆ ಎಷ್ಟೊಂದು ತಿಂಡಿಗಳು! ಎಳ್ಳು, ಸಕ್ಕರೆಯ ಹೂರಣ ತುಂಬಿದ ನೆವ್ರಿ, ಫೋರ್ಕಿನ ಬೆನ್ನ ಮೇಲೆ ಒತ್ತಿ ಸುರುಳಿ ಮಾಡಿದ ಕಿಡಿಯೊ, ಅಕ್ಕಿಹಿಟ್ಟು ಮತ್ತು ತೆಂಗಿನಕಾಯಿಯ ಗುಳಿಯೊ, ಗುಲಾಬಿ ಹೂವಿನ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿದ ತಿಂಡಿ. ಇದು ಒಬ್ಬರ ಕೈಯಿಂದ ಆಗುವ ಕೆಲಸವಲ್ಲ. ಅಜ್ಜಿ ಹಿಟ್ಟು ನಾದಬೇಕು, ಮಕ್ಕಳು ಸುರುಳಿ ಸುತ್ತಬೇಕು, ಸುತ್ತುವಾಗ ಜಗಳವನ್ನೂ ಆಡಬೇಕು.

ಹಾಗಾಗಿಯೇ ಕಷ್ಟದ ವರ್ಷದ ಕೊನೆಗೆ ಈ ಬಾಣಲೆ ಭಾರವಾಗುವುದು. ಹಿಟ್ಟು ನಾದುತ್ತಿದ್ದ ಕೈ ಈಗಿಲ್ಲ. ಸಕ್ಕರೆ, ಎಣ್ಣೆಗೆ ಬೇಕಾದ ದುಡ್ಡು ಆಸ್ಪತ್ರೆಗೆ ಹೋಗಿದೆ. ಇಲ್ಲವೇ ಮಗನ ಫಲಿತಾಂಶ ಬಂದ ದಿನದಿಂದ ಮನೆಯಲ್ಲಿ ಯಾರೂ ಸರಿಯಾಗಿ ಮಾತನಾಡಿಲ್ಲ. ಪಕ್ಕದ ಮನೆಯ ಮಾಡಿನಲ್ಲಿ ಮಾತ್ರ ಆಗಲೇ ನಕ್ಷತ್ರ ತೂಗುತ್ತಿದೆ!

ಸಾವಾದ ಮನೆಗೆ ನಮ್ಮ ಸಂಪ್ರದಾಯ ಒಂದು ದಾರಿಯನ್ನು ಮಾಡಿಕೊಟ್ಟಿದೆ. ಹಿಂದೂ ಮನೆಗಳಲ್ಲಿ ‘ಈ ವರ್ಷ ನಮಗೆ ಹಬ್ಬವಿಲ್ಲ’ ಎನ್ನುವಂತೆಯೇ, ಕರಾವಳಿಯ ಅನೇಕ ಕ್ರೈಸ್ತ ಕುಟುಂಬಗಳೂ ದುಃಖದ ವರ್ಷ ಕುಸ್ವಾರ್ ಮಾಡುವುದಿಲ್ಲ. ನೆರೆಹೊರೆಯವರೇ ತಟ್ಟೆ ತುಂಬಿ ಕಳುಹಿಸುತ್ತಾರೆ. ಆದರೆ ಉಳಿದ ಕಷ್ಟಗಳಿಗೆ ಇಂಥ ಕಟ್ಟಳೆಯಿಲ್ಲ. ಕೆಲಸ ಹೋದವನಿಗೆ, ಸಾಲ ಮಾಡಿದವನಿಗೆ ‘ನಮಗೆ ಹಬ್ಬವಿಲ್ಲ’ ಎಂದು ಹೇಳುವ ಬಾಯಿಲ್ಲ. ಹೇಳಿದರೆ ಊರೆಲ್ಲ ಏಕೆಂದು ಕೇಳುತ್ತದೆ.

ನಮ್ಮ ಓಣಿಯ ಬಾಯಮ್ಮ ಒಮ್ಮೆ ಬೇಲಿಯಾಚೆ ನಿಂತು ಹೇಳಿದ್ದು ನೆನಪಿದೆ. ಅವರ ಮಗ ಗಲ್ಫಿನಿಂದ ಕೆಲಸ ಕಳೆದುಕೊಂಡು ಬಂದ ವರ್ಷ ಅದು. “ಗೋದಲಿ ಕಟ್ಟಿದರೆ ಮನಸ್ಸಿಲ್ಲದೆ ಕಟ್ಟಿದ ಹಾಗೆ. ಕಟ್ಟದಿದ್ದರೆ ಕಿರಿಯವಳ ಮುಖ ನೋಡಲಿಕ್ಕಾಗುವುದಿಲ್ಲ. ನಾನು ಏನು ಮಾಡುವುದು, ನೀವೇ ಹೇಳಿ ಮಾರಾಯ್ರೇ.” ನನಗೆ ಉತ್ತರ ಹೊಳೆಯಲಿಲ್ಲ.

ಈ ಎರಡು ಮನಸ್ಸು ಹಬ್ಬಕ್ಕೆ ಹೊರಗಿನದೇನೂ ಅಲ್ಲ ಎಂಬುದು ಚರ್ಚಿನ ಪಂಚಾಂಗವನ್ನು ನೋಡಿದರೆ ತಿಳಿಯುತ್ತದೆ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿ ‘ಆಗಮನ ಕಾಲ’. ಆಗ ಗುರುಗಳು ತೊಡುವುದು ನೇರಳೆ ವಸ್ತ್ರ. ತಪಸ್ಸು ಕಾಲದ ಬಣ್ಣವೂ ಅದೇ. ಭಾನುವಾರದ ಪೂಜೆಯಲ್ಲಿ ಮಹಿಮಾಗೀತೆಯನ್ನು ಹಾಡುವುದಿಲ್ಲ. ಮೂರನೆಯ ಭಾನುವಾರ ಮಾತ್ರ ಗುಲಾಬಿ ಬಣ್ಣಕ್ಕೆ ಅವಕಾಶ. ಇನ್ನು ಹಬ್ಬ ಮುಗಿದ ಮರುದಿನ, ಡಿಸೆಂಬರ್ 26, ಕಲ್ಲೆಸೆತಕ್ಕೆ ಬಲಿಯಾದ ಸಂತ ಸ್ತೇಫನನ ದಿನ. 28 ಹೆರೋದನು ಕೊಲ್ಲಿಸಿದ ಹಸುಗೂಸುಗಳ ಸ್ಮರಣೆಯ ದಿನ. ಅಂಗಡಿಯ ಕ್ರಿಸ್ಮಸ್ಸಿನಲ್ಲಿ ಇವುಗಳಿಗೆ ಜಾಗವಿಲ್ಲ. ‘ಎಲ್ಲರೂ ನಗುತ್ತಿರಬೇಕು’ ಎಂಬ ಒತ್ತಾಯ ಬಂದಿರುವುದು ಅಂಗಡಿಯಿಂದಲೇ ಎಂದು ನನ್ನ ಗುಮಾನಿ.

ವಿದ್ಯಾರ್ಥಿಗಳು ತಿಳಿಯಬೇಕಾದ ಇನ್ನೊಂದು ಸಂಗತಿಯಿದೆ. ಇಂದು ಪ್ರಪಂಚವೆಲ್ಲ ಹಾಡುವ ‘ಸೈಲೆಂಟ್ ನೈಟ್’ ಸುಖದ ಕಾಲದ ಹಾಡಲ್ಲ. 1815ರ ಏಪ್ರಿಲ್‌ನಲ್ಲಿ ಈಗಿನ ಇಂಡೊನೇಷ್ಯಾದ ತಂಬೋರ ಜ್ವಾಲಾಮುಖಿ ಸಿಡಿಯಿತು. ಅದರಿಂದೆದ್ದ ಗಂಧಕದ ಮುಸುಕು ವಾಯುಮಂಡಲದಲ್ಲಿ ಹರಡಿ ಬಿಸಿಲನ್ನು ತಡೆಯಿತು. 1816 ಯೂರೋಪಿಗೆ ‘ಬೇಸಿಗೆಯೇ ಇಲ್ಲದ ವರ್ಷ’ವಾಯಿತು. ನೆಪೋಲಿಯನ್ನನ ಯುದ್ಧಗಳಿಂದ ಮೊದಲೇ ಬಸವಳಿದಿದ್ದ ಜನರ ಬೆಳೆ ಕೊಳೆಯಿತು, ಧಾನ್ಯದ ಬೆಲೆ ಏರಿತು. ಅದೇ ವರ್ಷ ಆಲ್ಪ್ಸ್ ಸೀಮೆಯ ಮಾರಿಯಾಪ್ಫಾರ್ ಎಂಬ ಹಳ್ಳಿಯಲ್ಲಿ ಯೋಸೆಫ್ ಮೋರ್ ಎಂಬ ಯುವ ಪಾದ್ರಿ ಆ ಪದ್ಯವನ್ನು ಬರೆದ. ಆತ ಬಡ ಹೆಂಗಸೊಬ್ಬಳ ಮಗ. ತಂದೆಯ ಆಸರೆಯಿಲ್ಲದೆ ಬೆಳೆದವನು.

ಎರಡು ವರ್ಷ ಕಳೆದು, 1818ರ ಡಿಸೆಂಬರ್ 24ರಂದು, ಓಬರ್ನ್‌ಡಾರ್ಫ್ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಶಾಲಾ ಮೇಷ್ಟ್ರು ಫ್ರಾನ್ಸ್ ಗ್ರೂಬರ್ ಅದಕ್ಕೆ ರಾಗ ಹಾಕಿದ. ಸಾಲ್ಜಾಕ್ ನದಿಯ ದಡದ ಆ ಊರಿನವರು ಉಪ್ಪಿನ ದೋಣಿ ಸಾಗಿಸಿ ಬದುಕುತ್ತಿದ್ದರು. 1816ರಲ್ಲಿ ನದಿಯೇ ಎರಡು ರಾಜ್ಯಗಳ ಗಡಿಯಾಗಿ ಊರು ಇಬ್ಭಾಗವಾಗಿತ್ತು. ಅಂದು ರಾತ್ರಿ ಇಬ್ಬರೂ ಗಿಟಾರಿನೊಂದಿಗೆ ಅದನ್ನು ಹಾಡಿದರು. (ಆರ್ಗನ್ನಿನ ತಿದಿಯನ್ನು ಇಲಿ ಕಡಿದಿತ್ತೆನ್ನುವುದು ಆಮೇಲೆ ಹುಟ್ಟಿದ ಕಥೆ. ಸೊಗಸಾಗಿದೆ, ಆಧಾರವಿಲ್ಲ.) 1914ರ ಕ್ರಿಸ್ಮಸ್ ಹೊತ್ತಿಗೆ ಬೆಲ್ಜಿಯಂ, ಫ್ರಾನ್ಸಿನ ಕಂದಕಗಳಲ್ಲಿ ಜರ್ಮನ್ ಸೈನಿಕರು ಇದನ್ನು ಹಾಡಿದಾಗ ಎದುರಿನ ಬ್ರಿಟಿಷರು ಬಂದೂಕು ಕೆಳಗಿಟ್ಟು ಕೇಳಿದರು. ಮರುದಿನ ಹಲವೆಡೆ ಎರಡೂ ಕಡೆಯವರು ಹೊರಬಂದು ತಮ್ಮ ತಮ್ಮ ಸತ್ತವರನ್ನು ಹೂಳಿದರು.

ದೂರದ ಮಾತೇಕೆ? 2020ರ ಡಿಸೆಂಬರ್ ಇನ್ನೂ ನೆನಪಿನಲ್ಲಿದೆ. ಕರ್ನಾಟಕದಲ್ಲಿ ರಾತ್ರಿ ಕರ್ಫ್ಯೂ ಘೋಷಣೆಯಾಗಿ, ಜಾರಿಗೆ ಬರಬೇಕಿದ್ದ 24ರಂದೇ ವಾಪಸಾಯಿತು. ವ್ಯಾಟಿಕನ್ನಿನ ನಡುರಾತ್ರಿಯ ಪೂಜೆಯನ್ನೇ ಸಂಜೆ ಏಳೂವರೆಗೆ ಆರಂಭಿಸಬೇಕಾಯಿತು. ಆ ವರ್ಷ ಯಾರೂ ಯಾರನ್ನೂ ‘ಏಕೆ ಸಪ್ಪಗಿದ್ದೀರಿ’ ಎಂದು ಕೇಳಲಿಲ್ಲ. ಕಷ್ಟ ಎಲ್ಲರದೂ ಆದಾಗ ನಾಚಿಕೆಯಿರುವುದಿಲ್ಲ. ಒಂದೇ ಮನೆಯದಾದಾಗ ಇರುತ್ತದೆ.

ತಂದೆತಾಯಂದಿರು ಮಕ್ಕಳಿಂದ ಅಡಗಿಸುವುದು ಈ ನಾಚಿಕೆಯನ್ನೇ. ಆದರೆ ಎಸ್ಸೆಸ್ಸೆಲ್ಸಿ ಓದುವ ಮಗಳಿಗೆ ಮನೆಯ ಲೆಕ್ಕ ತಿಳಿಯದೆಂದು ಭಾವಿಸಬೇಡಿ. ಅಡಿಗೆಮನೆಯಲ್ಲಿ ಅಪ್ಪ ಅಮ್ಮ ದನಿ ತಗ್ಗಿಸಿದಾಗಲೇ ಅವಳಿಗೆ ಗೊತ್ತಾಗಿರುತ್ತದೆ. “ಈ ಸಲ ಇಷ್ಟೇ ದುಡ್ಡಿದೆ, ಯಾವುದನ್ನು ಬಿಡೋಣ, ಯಾವುದನ್ನು ಉಳಿಸಿಕೊಳ್ಳೋಣ?” ಎಂದು ಅವಳನ್ನೇ ಕೂರಿಸಿ ಕೇಳಿ. ಹೊಸ ಬಟ್ಟೆಯನ್ನು ಬಿಟ್ಟು ಒಂದು ಸೇರು ಕಿಡಿಯೊ ಉಳಿಸಿಕೊಳ್ಳೋಣ ಎಂದಾಳು. ಏನೂ ಬೇಡವೆಂದರೂ ಒಪ್ಪಿಕೊಳ್ಳಿ. ತಿರುಗಿ ಉಪದೇಶ ಮಾಡಬೇಡಿ. ಮಕ್ಕಳೇ, ನಿಮಗೂ ಒಂದು ಮಾತು. ಅಮ್ಮ ಈ ವರ್ಷ ಸುಮ್ಮನಿದ್ದರೆ ನಿಮ್ಮ ಅಂಕಗಳೇ ಕಾರಣವೆಂದು ನೀವಾಗಿಯೇ ತೀರ್ಮಾನಿಸಿಕೊಳ್ಳಬೇಡಿ. ಕೇಳಿ ತಿಳಿದುಕೊಳ್ಳಿ.

ಇನ್ನು ಗೋದಲಿಯ ವಿಷಯ. ಅದಕ್ಕೆ ದುಡ್ಡು ಬೇಕಾಗಿಲ್ಲ. ಕಳೆದ ವರ್ಷದ ಬೊಂಬೆಗಳು ಅಟ್ಟದಲ್ಲಿರುತ್ತವೆ. ಕುರಿಯ ಒಂದು ಕಾಲು ಮುರಿದಿದ್ದರೆ ಹುಲ್ಲಿನಲ್ಲಿ ಮಲಗಿಸಬಹುದು. ನಕ್ಷತ್ರಕ್ಕೆ ಬಿದಿರ ಕಡ್ಡಿ, ಬಣ್ಣದ ಕಾಗದ, ಮೈದಾ ಅಂಟು ಸಾಕು. ಗದ್ದೆಯಂತೆ ಕಾಣಲು ಮಕ್ಕಳು ಹಳೆಯ ಡಬ್ಬದ ಮುಚ್ಚಳದಲ್ಲಿ ಮಣ್ಣು ತುಂಬಿ ಭತ್ತವನ್ನೋ ರಾಗಿಯನ್ನೋ ಬಿತ್ತುತ್ತಾರಲ್ಲ, ಅದೊಂದಕ್ಕೆ ಮಾತ್ರ ದಿನ ನೋಡಬೇಕು. ಪೈರು ಬೆರಳುದ್ದ ಏಳಲು ಹತ್ತು ಹನ್ನೆರಡು ದಿನ ಹಿಡಿಯುತ್ತದೆ. ಕಟ್ಟುವುದೋ ಬೇಡವೋ ಎಂಬ ತೀರ್ಮಾನವನ್ನು 24ರ ಸಂಜೆಯವರೆಗೂ ಮುಂದೂಡಬಹುದು. ಬೀಜವನ್ನು ಮಾತ್ರ 13ರೊಳಗೆ ನೆನೆಹಾಕಿಬಿಡಿ.