ತಜ್ಞರ ಹೆಸರಿನಲ್ಲಿ ಸಾವಿರಾರು ಸೈಟೇಶನ್: ರೋಗಿಗೆ ಅದರಿಂದ ಏನು ತಿಳಿಯುತ್ತದೆ?

ಲೂಪಸ್, ರುಮಟಾಯ್ಡ್ ಸಂಧಿವಾತ ಅಥವಾ ಕ್ಯಾನ್ಸರ್‌ಗೆ ಹೊಸ ಇಮ್ಯುನೊಥೆರಪಿ ಇದೆ ಎಂದು ಯಾರಾದರೂ ಹೇಳಿದರೆ, ಮನೆಯವರು ಮೊದಲು ಆ ತಜ್ಞರ ಹೆಸರನ್ನು ಗೂಗಲ್‌ನಲ್ಲಿ ಹುಡುಕುತ್ತಾರೆ. '200 ಲೇಖನ, 9,000 ಸೈಟೇಶನ್, ಎಚ್-ಇಂಡೆಕ್ಸ್ 45' ಎಂಬಂಥ ಸಾಲು ಕಂಡರೆ ಧೈರ್ಯ ಬರುತ್ತದೆ. ಆ ಧೈರ್ಯದ ಮೇಲೆ ಲಕ್ಷಗಟ್ಟಲೆ ಖರ್ಚಿನ ನಿರ್ಧಾರವೂ ಆಗಿಬಿಡಬಹುದು. ಅದಕ್ಕೂ ಮೊದಲು ಈ ಅಂಕಿಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂದು ತಿಳಿದುಕೊಳ್ಳಿ.

ಈ ಅಂಕಿಗಳ ಅರ್ಥವೇನು?

ಒಂದು ಸಂಶೋಧನಾ ಲೇಖನವನ್ನು ಇನ್ನೊಂದು ಲೇಖನ ಉಲ್ಲೇಖಿಸಿದರೆ ಅದು ಒಂದು ಸೈಟೇಶನ್. ಎಚ್-ಇಂಡೆಕ್ಸ್ ಎಂಬ ಅಳತೆಯನ್ನು 2005ರಲ್ಲಿ ಸೂಚಿಸಿದವರು ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಎಚ್-ಇಂಡೆಕ್ಸ್ 45 ಎಂದರೆ, ತಲಾ ಕನಿಷ್ಠ 45 ಬಾರಿ ಉಲ್ಲೇಖಗೊಂಡ 45 ಲೇಖನಗಳು ಅವರ ಹೆಸರಿನಲ್ಲಿವೆ ಎಂದರ್ಥ.

ಹಲವು ವರ್ಷ ಕೆಲಸ ಮಾಡಿದವರಿಗೆ ಈ ಅಂಕಿ ಸಹಜವಾಗಿಯೇ ಹೆಚ್ಚಿರುತ್ತದೆ. ಐವತ್ತು ಲೇಖಕರಲ್ಲಿ ಒಬ್ಬರಾಗಿದ್ದರೂ ಲೇಖನ ಅವರ ಲೆಕ್ಕಕ್ಕೆ ಸೇರುತ್ತದೆ. ತಮ್ಮ ಲೇಖನವನ್ನು ತಾವೇ ಉಲ್ಲೇಖಿಸಿದರೂ ಗೂಗಲ್ ಸ್ಕಾಲರ್ ಅದನ್ನು ಎಣಿಸುತ್ತದೆ.

ಹೆಚ್ಚು ಉಲ್ಲೇಖವಾದದ್ದೆಲ್ಲ ಸರಿಯೇ?

ಅಲ್ಲ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ 12 ಮಕ್ಕಳ ವಿವರ ಇಟ್ಟುಕೊಂಡು ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದು ಎಂಬ ಅನುಮಾನ ಹುಟ್ಟಿಸಿದರು. ಲೇಖನ ಬಂದದ್ದು 'ದಿ ಲ್ಯಾನ್ಸೆಟ್' ಎಂಬ ಹೆಸರಾಂತ ಪತ್ರಿಕೆಯಲ್ಲಿ. 2010ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಬ್ರಿಟನ್ನಿನ ವೈದ್ಯರ ಪಟ್ಟಿಯಿಂದ ವೇಕ್‌ಫೀಲ್ಡ್ ಹೆಸರನ್ನು ತೆಗೆದುಹಾಕಲಾಯಿತು. ಆದರೂ ಆ ಲೇಖನ ಸಾವಿರಕ್ಕೂ ಹೆಚ್ಚು ಬಾರಿ ಉಲ್ಲೇಖಗೊಂಡಿದೆ, ಬಹುಪಾಲು ಅದನ್ನು ಅಲ್ಲಗಳೆಯುವುದಕ್ಕಾಗಿ. ಹೊಗಳಿಕೆಯೋ ತೆಗಳಿಕೆಯೋ ಎಂಬುದು ಸೈಟೇಶನ್ ಎಣಿಕೆಯಲ್ಲಿ ಕಾಣುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಎಂಆರ್‌ಎನ್‌ಎಯನ್ನು ದೇಹದ ರೋಗನಿರೋಧಕ ವ್ಯವಸ್ಥೆ ಪ್ರತಿರೋಧಿಸದಂತೆ ಬದಲಿಸುವ ಬಗೆಯನ್ನು ಕಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ಪ್ರಕಟಿಸಿದಾಗ ಹೆಚ್ಚು ಜನ ಗಮನಿಸಲಿಲ್ಲ. ಕೋವಿಡ್ ಲಸಿಕೆಗಳಿಗೆ ನೆರವಾದದ್ದು ಅದೇ ಕೆಲಸ. 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಲೇಖನದಿಂದ ಔಷಧಿಗೆ ಎಷ್ಟು ದೂರ?

ಸಿಟಿಎಲ್‌ಎ-4 ಎಂಬ ತಡೆಯನ್ನು ತೆಗೆದರೆ ರೋಗನಿರೋಧಕ ಜೀವಕೋಶಗಳು ಗೆಡ್ಡೆಯ ಮೇಲೆ ದಾಳಿ ಮಾಡುತ್ತವೆ ಎಂದು ಜೇಮ್ಸ್ ಆಲಿಸನ್ ತಂಡ 1996ರಲ್ಲಿ ಇಲಿಗಳಲ್ಲಿ ತೋರಿಸಿತು. ಅದರಿಂದ ಬೆಳೆದ ಇಪಿಲಿಮುಮ್ಯಾಬ್ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ. ನಡುವಿನ 15 ವರ್ಷಗಳಲ್ಲಿ ಮನುಷ್ಯರ ಮೇಲೆ ಹಂತಹಂತವಾಗಿ ಪರೀಕ್ಷೆಗಳು ನಡೆದವು. ಇಲಿಗಳ ಮೇಲಿನ ಲೇಖನಕ್ಕೆ ಎಷ್ಟೇ ಸೈಟೇಶನ್ ಇದ್ದರೂ ಈ ಪರೀಕ್ಷೆಗಳಿಗೆ ಅದು ಬದಲಿಯಾಗದು.

ಹಾಗಾದರೆ ನೀವು ಏನು ನೋಡಬೇಕು?

• ನಿಮಗೆ ಸೂಚಿಸಿದ ಚಿಕಿತ್ಸೆಯ ಬಗ್ಗೆಯೇ ಲೇಖನ ಇದೆಯೇ? ಇದ್ದರೆ ಪರೀಕ್ಷೆ ನಡೆದದ್ದು ಇಲಿಗಳ ಮೇಲೋ, ನಿಮ್ಮದೇ ಕಾಯಿಲೆ ಇರುವ ರೋಗಿಗಳ ಮೇಲೋ? ಎಷ್ಟು ಜನರ ಮೇಲೆ?

• ಲೇಖನವನ್ನು ಹಿಂತೆಗೆದುಕೊಂಡಿದ್ದಾರೆಯೇ? ಪಬ್‌ಮೆಡ್‌ನಲ್ಲಿ ಶೀರ್ಷಿಕೆ ಹಾಕಿ ಹುಡುಕಿ. ಹಿಂತೆಗೆದ ಲೇಖನಗಳಿಗೆ 'ರಿಟ್ರ್ಯಾಕ್ಟೆಡ್' ಎಂಬ ಗುರುತು ಇರುತ್ತದೆ. ಉಚಿತವಾಗಿ ನೋಡಬಹುದು.

• ಬೇರೆ ತಂಡದವರಿಗೂ ಅದೇ ಫಲಿತಾಂಶ ಬಂದಿದೆಯೇ?

• 'ಇದು ಸಂಶೋಧನೆ' ಎಂದು ಹೇಳಿದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ ನಡೆಯುವ ಕ್ಲಿನಿಕಲ್ ಟ್ರಯಲ್‌ಗಳ ವಿವರ ಆ ಜಾಲತಾಣದಲ್ಲಿ ಸಿಗುತ್ತದೆ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಇದೆಯೇ ಎಂದೂ ಕೇಳಿ.

• ಹಣ ಕೇಳುತ್ತಿದ್ದಾರೆಯೇ? ಮಾಮೂಲಿ ಚಿಕಿತ್ಸೆಯ ಆಚೆಗೆ, ಸಂಶೋಧನೆಗೆಂದು ಆಗುವ ಖರ್ಚನ್ನು ರೋಗಿಯ ಮೇಲೆ ಹೊರಿಸಬಾರದು ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ.

ಸೈಟೇಶನ್ ಕಡಿಮೆ ಇರುವ ವೈದ್ಯರು ಬೇಡವೇ?

ಹಾಗೇನಿಲ್ಲ. ದಿನವಿಡೀ ರೋಗಿಗಳನ್ನು ನೋಡುವ ಒಳ್ಳೆಯ ರುಮಟಾಲಜಿಸ್ಟ್ ಒಂದು ಲೇಖನವನ್ನೂ ಬರೆಯದೆ ಇರಬಹುದು. ಸೈಟೇಶನ್ ಅಳೆಯುವುದು ಸಂಶೋಧಕರ ಬಗ್ಗೆ ಇತರ ಸಂಶೋಧಕರು ಎಷ್ಟು ಮಾತಾಡಿದ್ದಾರೆ ಎಂಬುದನ್ನು ಮಾತ್ರ. ನಿಮ್ಮ ಮಾತನ್ನು ಕೇಳುವ, ಅಡ್ಡಪರಿಣಾಮಗಳನ್ನು ಬಿಡಿಸಿ ಹೇಳುವ ವೈದ್ಯರ ಗುಣ ಅದರಲ್ಲಿ ಸಿಗುವುದಿಲ್ಲ.

ಹೊಸ ಚಿಕಿತ್ಸೆಯ ಆಸೆಯಿಂದ ಈಗಿನ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಅದರಲ್ಲೂ ಸ್ಟೀರಾಯ್ಡ್ ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ನಿಮಗೆ ಸಿಕ್ಕ ಲೇಖನದ ಪ್ರತಿಯನ್ನು ಮುಂದಿನ ಭೇಟಿಗೆ ತೆಗೆದುಕೊಂಡು ಹೋಗಿ, 'ಇದು ನನಗೆ ಅನ್ವಯಿಸುತ್ತದೆಯೇ?' ಎಂದು ನಿಮ್ಮ ವೈದ್ಯರನ್ನು ಕೇಳಿ.