ಮುಳುಗಿಸಿದ ಹಡಗು: ಕೃತಕ ಶೈಲದ ವಿಚಾರ

ಒಡೆದು ಮುಳುಗಿದ ಹಡಗು ಬೇರೆ, ಉದ್ದೇಶಪೂರ್ವಕವಾಗಿ ಮುಳುಗಿಸಿದ ಹಡಗು ಬೇರೆ. ಸೇವೆಯಿಂದ ನಿವೃತ್ತವಾದ ನೌಕೆಯನ್ನು ಶುದ್ಧಿಗೊಳಿಸಿ, ಜಲಚರಗಳಿಗೆ ಆಶ್ರಯವಾಗಲೆಂದು ಸಮುದ್ರತಲದಲ್ಲಿ ನೆಲೆಗೊಳಿಸಿದರೆ ಅದನ್ನು ‘ಕೃತಕ ಶೈಲ’ವೆನ್ನಬಹುದು. ಈ ವಿಷಯವು ಕನ್ನಡನಾಡಿಗೆ ತೀರ ದೂರವಾದುದಲ್ಲ. ಪೋಲೆಂಡಿನಲ್ಲಿ ನಿರ್ಮಿತವಾಗಿ 1985ರಲ್ಲಿ ಭಾರತೀಯ ನೌಕಾದಳವನ್ನು ಸೇರಿದ ‘ಗುಲ್ದಾರ್’ ಎಂಬ ನೌಕೆಯು 2024ರ ಜನವರಿಯಲ್ಲಿ ನಿವೃತ್ತವಾಯಿತು. 2025ರ ಫೆಬ್ರವರಿಯಲ್ಲಿ ಕಾರವಾರದ ನೌಕಾನೆಲೆಯಲ್ಲಿ ಅದನ್ನು ಮಹಾರಾಷ್ಟ್ರದ ಪ್ರವಾಸೋದ್ಯಮ ನಿಗಮಕ್ಕೆ ಒಪ್ಪಿಸಲಾಯಿತು. ಸಿಂಧುದುರ್ಗ ಜಿಲ್ಲೆಯ ನಿವತಿ ಬಂಡೆಗಳ ಬಳಿ ಅದನ್ನು ಮುಳುಗಿಸಿ, ಮತ್ಸ್ಯಗಳಿಗೆ ಆಶ್ರಯವನ್ನೂ ಯಾತ್ರಿಕರಿಗೆ ದರ್ಶನೀಯ ಸ್ಥಾನವನ್ನೂ ಕಲ್ಪಿಸಬೇಕೆಂಬುದು ಆ ಯೋಜನೆಯ ಉದ್ದೇಶ.

ಸಮುದ್ರತಲವು ಬಹುಮಟ್ಟಿಗೆ ಮರಳು ಅಥವಾ ಕೆಸರು. ಪಾಚಿ, ಚಿಪ್ಪುಜೀವಿ, ಸ್ಪಂಜು ಮೊದಲಾದವು ನೆಲೆಯೂರಲು ಗಟ್ಟಿಯಾದ ಆಧಾರ ಬೇಕು. ಹಡಗಿನ ಉಕ್ಕಿನ ಮೈಯೇ ಆ ಆಧಾರವಾಗುವುದು. ಇವನ್ನು ತಿನ್ನಲು ಸಣ್ಣ ಮೀನುಗಳೂ, ಅವುಗಳನ್ನು ಅರಸಿ ದೊಡ್ಡ ಮೀನುಗಳೂ ಬಂದು ಸೇರುವುವು. ಆದರೆ ಕಡಲಿಗೆ ಹಾಕಿದುದೆಲ್ಲವೂ ಶೈಲವಾಗದು. ಅಮೆರಿಕದ ಫ್ಲಾರಿಡಾ ತೀರದಲ್ಲಿ 1970ರ ದಶಕದಲ್ಲಿ ಸುಮಾರು 20 ಲಕ್ಷ ಹಳೆಯ ಟಯರುಗಳನ್ನು ಇದೇ ಉದ್ದೇಶದಿಂದ ಮುಳುಗಿಸಿದರು. ಅವುಗಳ ಕಟ್ಟುಗಳು ಕಳಚಿ, ಟಯರುಗಳು ಅಲೆಗಳ ಹೊಡೆತಕ್ಕೆ ಹೊರಳಿ, ಸಮೀಪದಲ್ಲಿದ್ದ ಸಹಜವಾದ ಹವಳದ ದಿಬ್ಬಗಳನ್ನೇ ಘಾಸಿಗೊಳಿಸಿದುವು. ಹಡಗಿನ ವಿಷಯದಲ್ಲಾದರೋ, ತೈಲ, ವಿಷಯುಕ್ತವಾದ ಬಣ್ಣ, ವಿದ್ಯುತ್ತಂತಿಗಳ ಹೊದಿಕೆ, ಕಲ್ನಾರು ಮುಂತಾದವನ್ನು ಮೊದಲೇ ತೆಗೆಯುವುದು ಅತ್ಯವಶ್ಯಕ. ಇಲ್ಲಿ ಶುದ್ಧಿಯೇ ಪ್ರಧಾನಕರ್ಮ. ಮುಳುಗಿಸುವುದು ಅದಕ್ಕೆ ಅಂಗ.

ಇಂತಹ ಹಡಗನ್ನು ನೋಡಲು ಇಳಿಯುವವರ ಸಾಧನ ‘ಸ್ಕೂಬ’. ಇದು ಧಾತುವಿನಿಂದ ಹುಟ್ಟಿದ ಶಬ್ದವಲ್ಲ. ನೀರಿನೊಳಗೆ ಸ್ವತಂತ್ರವಾಗಿ ಉಸಿರಾಡುವ ಉಪಕರಣವೆಂಬರ್ಥದ ಇಂಗ್ಲಿಷ್ ಪದಗಳ ಆದ್ಯಕ್ಷರಗಳ ಕೂಟ. ಬೆನ್ನಿನ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಇರುವುದು ಕೇವಲ ಆಮ್ಲಜನಕವಲ್ಲ, ಒತ್ತಿ ತುಂಬಿದ ಗಾಳಿ. ಪ್ರತಿ 10 ಮೀಟರು ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದರಿಂದ, 20 ಮೀಟರು ಆಳದಲ್ಲಿ ನೀರಿನ ಮೇಲಿನದಕ್ಕಿಂತ ಮೂರುಪಟ್ಟು ಒತ್ತಡವಿರುವುದು. ಗಾಳಿಯೂ ಅಷ್ಟೇ ಬೇಗ ವ್ಯಯವಾಗುವುದು. ಉಸಿರು ಕಟ್ಟಿ ಮೇಲೇರಿದರೆ ಶ್ವಾಸಕೋಶದ ಗಾಳಿ ಹಿಗ್ಗಿ ಪ್ರಾಣಾಪಾಯವುಂಟು. ಹಡಗಿನ ಒಳಕೋಣೆಗಳಿಂದ ನೇರವಾಗಿ ಮೇಲೇಳಲು ದಾರಿಯಿಲ್ಲವಷ್ಟೆ. ಆ ಕಾರಣ ಮುಳುಗಿಸುವ ಮುನ್ನವೇ ಬಾಗಿಲುಗಳನ್ನು ಕಳಚಿ, ಪಕ್ಕಗಳಲ್ಲಿ ಅಗಲವಾದ ದ್ವಾರಗಳನ್ನು ಕೊರೆಯುವರು.

ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿಯೂ ಸ್ಕೂಬ ಧರಿಸಿ ಮುಳುಗುವವರುಂಟು. ಆದರೆ ಅಲ್ಲಿಯ ಶೈಲ ಪ್ರಕೃತಿದತ್ತವಾದುದು. ಕೃತಕ ಶೈಲವು ಮೀನುಗಳನ್ನು ವೃದ್ಧಿಗೊಳಿಸುವುದೋ, ಬೇರೆಡೆಯ ಮೀನುಗಳನ್ನು ಒಂದೆಡೆ ಕೂಡಿಸುವುದಷ್ಟೋ ಎಂಬಲ್ಲಿ ಶಾಸ್ತ್ರಜ್ಞರಿಗೆ ಭಿನ್ನಾಭಿಪ್ರಾಯವಿದೆ. ಕೂಡಿಸುವುದಷ್ಟೇ ಆದ ಪಕ್ಷದಲ್ಲಿ, ಅಲ್ಲಿ ಬಲೆ ಬೀಸಿದರೆ ಇದ್ದ ಮೀನೂ ಬೇಗನೆ ಮುಗಿಯುವುದು. ಆಶ್ರಯವೆಂದು ಕಲ್ಪಿಸಿದುದು ಬೋನಾಗುವುದು. ಆದುದರಿಂದ ಶುದ್ಧಿ, ಸ್ಥಿರತೆ, ರಕ್ಷಣೆ ಎಂಬ ಮೂರೂ ಇದ್ದಲ್ಲಿ ಮಾತ್ರ ‘ಶೈಲ’ವೆಂಬ ಹೆಸರು ಅನ್ವರ್ಥ. ಇಲ್ಲದಿದ್ದರೆ ಅದು ಕಡಲಿಗೆ ಎಸೆದ ಕಸವೇ ಸರಿ.