ಢಾಬಾದ ಬಳಿ ಗಾಂಜಾ, ಕಾನೂನಿನ ತಕ್ಕಡಿ

ಮೈಸೂರಿನಿಂದ ಮಡಿಕೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 275ರಲ್ಲಿ ಹುಣಸೂರು, ಪಿರಿಯಾಪಟ್ಟಣ ಸಿಗುತ್ತವೆ. ಬಿಳಿಕೆರೆಯಲ್ಲಿ ಕವಲೊಡೆದ ರಸ್ತೆ ಕೆ.ಆರ್. ನಗರ ತಾಲ್ಲೂಕು ಹಾದು ಹಾಸನ ಸೇರುತ್ತದೆ. ಎಚ್.ಡಿ. ಕೋಟೆಯದ್ದು ಬಾವಲಿ ಮೂಲಕ ಕೇರಳದ ದಾರಿ. ನಾಗರಹೊಳೆ ಕಾಡಿನಲ್ಲಿ ಸಂಜೆ ಆರಕ್ಕೆ ಗೇಟು ಬಿದ್ದರೆ, ತಡವಾಗಿ ಬಂದ ಗಾಡಿ ಬೆಳಿಗ್ಗೆವರೆಗೆ ಈಚೆಯೇ ನಿಲ್ಲಬೇಕು.

ಹೀಗೆ ಗಾಡಿಗಳು ತಂಗುವ ಢಾಬಾಗಳ ಸುತ್ತ ಮಾದಕ ವಸ್ತು ಮಾರಿದರೆ ಶಿಕ್ಷೆ ಜಾಸ್ತಿ ಇರಬೇಕೇ? ಅಮೆರಿಕ 1994ರಲ್ಲೇ ಹೌದೆಂದಿತು. ಅಲ್ಲಿ ಟ್ರಕ್ ನಿಲ್ದಾಣದಿಂದ ಸಾವಿರ ಅಡಿಯೊಳಗೆ ಮಾರಿ ಸಿಕ್ಕಿಬಿದ್ದರೆ ಗರಿಷ್ಠ ಶಿಕ್ಷೆ ದುಪ್ಪಟ್ಟು.

ಮಾದಕ ವಸ್ತುಗಳ ಕುರಿತ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆ ಮೊದಲು ನೋಡುವುದು ತೂಕ. ಗಾಂಜಾ ಒಂದು ಕೆ.ಜಿ.ಯೊಳಗಿದ್ದರೆ ವರ್ಷದವರೆಗೆ ಜೈಲು, 20 ಕೆ.ಜಿ. ಮೀರಿದರೆ 10ರಿಂದ 20 ವರ್ಷ, ಜಾಮೀನೂ ದುರ್ಲಭ. ನಡುವಿನದಕ್ಕೆ ಹತ್ತು ವರ್ಷದವರೆಗೆ. ಎಂಡಿಎಂಎ ಎಂಬ ರಾಸಾಯನಿಕ ಮಾದಕ ವಸ್ತುವಾದರೆ 10ರಿಂದ 20 ವರ್ಷದ ಶಿಕ್ಷೆಗೆ ಹತ್ತು ಗ್ರಾಂ ದಾಟಿದರೆ ಸಾಕು. ಗಾಂಜಾ ಎಂದು ಲೆಕ್ಕಕ್ಕೆ ಬರುವುದು ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಬರೀ ಎಲೆ, ಬೀಜ ಗಾಂಜಾ ಅಲ್ಲ. ಹೊಲದಲ್ಲಿ ಕಿತ್ತ ಗಿಡವನ್ನು ಬೇರುಸಮೇತ ತೂಗಿದರೆ ಆರೋಪಿಯ ವಕೀಲರಿಗೆ ಹಬ್ಬ. ಬೆಳೆದ ತಪ್ಪಿಗೆ ಮಾತ್ರ ತೂಕದ ಪ್ರಶ್ನೆಯಿಲ್ಲ, ಹತ್ತು ವರ್ಷದವರೆಗೆ ಸೆರೆ.

 

ಕಾಯ್ದೆ ಜಾಗವನ್ನು ಪೂರ್ತಿ ಮರೆತಿಲ್ಲ. ಶಾಲೆ-ಕಾಲೇಜಿನ ಪಕ್ಕದಲ್ಲಿ ಅಪರಾಧ ನಡೆದರೆ ಕನಿಷ್ಠಕ್ಕಿಂತ ಹೆಚ್ಚು ಶಿಕ್ಷೆ ಕೊಡಲು 32ಬಿ ಕಲಂ ಅವಕಾಶ ಕೊಡುತ್ತದೆ. ಆ ಕಲಂ ಹೆಸರಿಸಿದ ಜಾಗಗಳಲ್ಲಿ ಹೆದ್ದಾರಿಯಿಲ್ಲ.

ಸೇರಿಸಿದರೆ ತಪ್ಪೇನು? ಅಡಿ-ಮೀಟರು ಎಳೆಯುವುದರ ಫಜೀತಿಯನ್ನು ಮದ್ಯದಂಗಡಿ ವಿಷಯದಲ್ಲಿ ನೋಡಿಯಾಗಿದೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಬೇಡ ಎಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿತು. ಮರುವರ್ಷ ಸಣ್ಣ ಊರುಗಳಿಗೆ ಅದು 220 ಮೀಟರ್ ಆಯಿತು, ಬಳಿಕ ನಗರಸಭೆ-ಪುರಸಭೆ ವ್ಯಾಪ್ತಿಗೆ ವಿನಾಯಿತಿಯೂ ಸಿಕ್ಕಿತು. ಹುಣಸೂರಿನಂಥ ಊರಲ್ಲಿ ಪ್ರತಿ ಢಾಬಾ ಸುತ್ತ ಸಾವಿರ ಅಡಿ ಅಳೆದರೆ ಅರ್ಧ ಪೇಟೆಯೇ ಒಳಗೆ ಬಂದೀತು.

ಹೊಸ ಕಾನೂನಿಗಿಂತ ಇರುವುದನ್ನೇ ರಸ್ತೆಬದಿಯವರಿಗೆ ತಿಳಿಸುವುದು ಮೇಲು. 43ನೇ ಕಲಮಿನಡಿ ಹೋಟೆಲು, ಅಂಗಡಿ ಸಾರ್ವಜನಿಕ ಸ್ಥಳ. ಅಧಿಕಾರಿಗಳು ವಾರಂಟ್ ಇಲ್ಲದೆ ರಾತ್ರಿಯೂ ಶೋಧಿಸಬಹುದು. ಗೊತ್ತಿದ್ದೂ ಜಾಗ ಬಿಟ್ಟುಕೊಟ್ಟ ಢಾಬಾ ಮಾಲೀಕನಿಗೆ 25ನೇ ಕಲಂ ಪ್ರಕಾರ ಮಾರಿದವನಷ್ಟೇ ಶಿಕ್ಷೆ. ಮಾಲು ಸಾಗಿಸಿದ ಲಾರಿಯೂ ಮುಟ್ಟುಗೋಲಿಗೆ ಒಳಪಡುತ್ತದೆ. ಬಿಡಿಸಿಕೊಳ್ಳಬೇಕೆಂದರೆ ತನಗೂ ಡ್ರೈವರ್‌ಗೂ ಗೊತ್ತಿರಲಿಲ್ಲ, ಬೇಕಾದ ಎಚ್ಚರ ವಹಿಸಿದ್ದೆವು ಎಂದು ಲಾರಿ ಮಾಲೀಕನೇ ರುಜುವಾತು ಮಾಡಬೇಕು.